ಗುಜರಿ ಫ್ರೇಮಿನಿಂದ ಫಿಕ್ಸಿ: ಕಡಿಮೆ ದುಡ್ಡಿನಲ್ಲಿ ಕಟ್ಟಿಕೊಳ್ಳುವ ಬಗೆ

ಭಾನುವಾರ ಬೆಳಿಗ್ಗೆ ಹಳೆ ಸಾಮಾನು ಹುಡುಕಲು ಹೊರಡುವಾಗ ನನ್ನ ಜೇಬಿನಲ್ಲಿ ಮೂರು ವಸ್ತು ಇರುತ್ತವೆ. ಫ್ರಿಜ್ಜಿನ ಬಾಗಿಲಿನಿಂದ ಕಿತ್ತ ಒಂದು ಅಯಸ್ಕಾಂತ, ಮೂರು ಮೀಟರ್ ದಾರ, ಟೈಲರ್ ಟೇಪು. ಅಯಸ್ಕಾಂತದ ವಿಷಯಕ್ಕೆ ಮನೆಯಲ್ಲಿ ಬೈಸಿಕೊಳ್ಳುತ್ತೇನೆ, ಅದು ತಿರುಪತಿಯಿಂದ ತಂದದ್ದು. ಈ ಮೂರನ್ನು ಹೇಗೆ ಬಳಸಬೇಕು ಅನ್ನುವುದೇ ಈ ಲೇಖನದ ಅರ್ಧ ಭಾಗ.

ಫಿಕ್ಸಿ ಅಂದರೆ ಏನು ಅಂತ ಕೇಳುವವರಿಗೆ ಎರಡು ಮಾತು. ಮಕ್ಕಳ ಮೂರು ಚಕ್ರದ ಸೈಕಲ್ ನೆನಪಿಸಿಕೊಳ್ಳಿ. ಚಕ್ರ ತಿರುಗಿದರೆ ಪೆಡಲೂ ತಿರುಗುತ್ತದೆ. ಪೆಡಲ್ ನಿಂತರೆ ಚಕ್ರವೂ ನಿಲ್ಲುತ್ತದೆ. ಅದನ್ನೇ ಚೈನ್ ಹಾಕಿ ದೊಡ್ಡವರ ಸೈಕಲ್ಲಿಗೆ ತಂದರೆ ಫಿಕ್ಸ್ಡ್ ಗೇರ್. ಇದರಲ್ಲಿ ಫ್ರೀವೀಲ್ ಇಲ್ಲ. ಇಳಿಜಾರಿನಲ್ಲಿ ಕಾಲು ಆಡಿಸದೆ ಟಿಕ್ ಟಿಕ್ ಸದ್ದು ಕೇಳುತ್ತಾ ಹೋಗುವ ಸುಖವೂ ಇಲ್ಲ. ಸರ್ಕಸ್ಸಿನಲ್ಲಿ ಹಿಂದಕ್ಕೆ ಓಡಿಸುವ ಸೈಕಲ್ ಇದೇ ಜಾತಿಯದು. ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು ಟ್ರ್ಯಾಕ್ ರೇಸಿನಲ್ಲಿ ತುಳಿಯುವುದೂ ಇದನ್ನೇ.

ರಸ್ತೆಗೆ ಇದನ್ನು ಶೋಕಿಯಾಗಿ ತಂದವರು ನ್ಯೂಯಾರ್ಕಿನಂಥ ಊರುಗಳಲ್ಲಿ ಕಾಗದ ಪತ್ರ ತಲುಪಿಸುತ್ತಿದ್ದ ಮೆಸೆಂಜರ್‌ಗಳು. ಗೇರ್ ಇಲ್ಲ, ಕೇಬಲ್ ಕಮ್ಮಿ, ಕೆಡುವ ಸಾಮಾನೂ ಕಮ್ಮಿ. ದಿನವಿಡೀ ತುಳಿಯುವವರಿಗೆ ಅದು ಉಳಿತಾಯದ ದಾರಿ. ಟ್ರಾಫಿಕ್ ನಡುವೆಯೇ ಓಡುವ ಅವರ 'ಆಲಿಕ್ಯಾಟ್' ರೇಸಿಗೆ ಆ ಹೆಸರು ಬಂದದ್ದು 1989ರಲ್ಲಿ ಟೊರಾಂಟೊದಲ್ಲಿ. 1993ರಲ್ಲಿ ಬರ್ಲಿನ್ನಿನಲ್ಲಿ ಮೆಸೆಂಜರ್‌ಗಳ ವಿಶ್ವ ಚಾಂಪಿಯನ್‌ಶಿಪ್ಪೇ ನಡೆಯಿತು. ಆಮೇಲೆ ಇದು ಫ್ಯಾಷನ್ ಆಯಿತು. ಈಗ ಬರೀ ಹ್ಯಾಂಡಲ್ಲಿಗೆ ಒಂದು ಸ್ಕೂಟರಿನ ಮುಂಗಡದಷ್ಟು ಕೊಡುವವರಿದ್ದಾರೆ. ನಾವು ಆ ಕಡೆ ಹೋಗುವುದು ಬೇಡ.

ಎಲ್ಲಿ ಕೈ ಬಿಗಿ, ಎಲ್ಲಿ ಸಡಿಲ

ಕಟ್ಟಲು ಶುರು ಮಾಡುವ ಮೊದಲು ಒಂದು ಚೀಟಿಯಲ್ಲಿ ಎರಡು ಕಾಲಂ ಹಾಕಿ. ಓಡುವಾಗ ಮುರಿದರೆ ಹಲ್ಲು ಹೋಗುವಂಥ ಸಾಮಾನು ಒಂದು ಕಡೆ. ಹಳತಾದರೂ ಬರೀ ನೋಡಲು ಕೆಟ್ಟದಾಗಿ ಕಾಣುವ ಸಾಮಾನು ಇನ್ನೊಂದು ಕಡೆ.

ಚೈನ್, ಹಿಂದಿನ ಹಬ್ (ಚಕ್ರದ ನಡುವಿನ ಗುಂಬ), ಕಾಗ್ (ಅದರ ಮೇಲೆ ಕೂರುವ ಹಲ್ಲಿನ ಚಕ್ರ), ಲಾಕ್‌ರಿಂಗ್ (ಕಾಗ್ ಬಿಚ್ಚದಂತೆ ಹಿಡಿಯುವ ಬಳೆ), ಮುಂದಿನ ಬ್ರೇಕ್, ಟೈರು, ಇವೆಲ್ಲ ಮೊದಲ ಕಾಲಂ. ಇವನ್ನು ಹೊಸದೇ ತಗೊಳ್ಳಿ. ಫ್ರೇಮ್, ಕ್ರ್ಯಾಂಕ್ (ಪೆಡಲ್ ಕೂರುವ ತೋಳು, ಹಲ್ಲಿನ ತಟ್ಟೆ ಸಮೇತ), ಸೀಟು, ಸೀಟ್ ಪೋಸ್ಟ್, ಪೆಡಲ್ ಎರಡನೆಯದು. ಇಲ್ಲಿ ಎಷ್ಟು ಬೇಕಾದರೂ ಜಿಪುಣರಾಗಿ. ಹ್ಯಾಂಡಲ್ ಎರಡಕ್ಕೂ ನಡುವೆ ಬರುತ್ತದೆ. ಸ್ಟೀಲಿನದಾದರೆ ಹಳೆಯದು ನಡೆಯುತ್ತದೆ. ಬಿದ್ದು ಸೊಟ್ಟಗಾದ ಅಲ್ಯೂಮಿನಿಯಂ ಹ್ಯಾಂಡಲ್ ಪುಕ್ಕಟೆ ಕೊಟ್ಟರೂ ಬೇಡ. ಅದು ಮುರಿಯುವ ಮೊದಲು ಸೂಚನೆ ಕೊಡುವುದಿಲ್ಲ.

ನನ್ನ ಈಗಿನ ಸೈಕಲ್ಲಿಗೆ ಒಟ್ಟು 12,000 ರೂಪಾಯಿ ಹತ್ತಿರ ಬಿತ್ತು. ಅದರಲ್ಲಿ 9,000 ಹೋದದ್ದು ಮೊದಲ ಕಾಲಮ್ಮಿಗೆ. ಫೋರ್ಕ್ ಸಮೇತ ಫ್ರೇಮ್ 1,500ಕ್ಕೆ ಸಿಕ್ಕಿತ್ತು. ಹೊಸಬರು ಇದನ್ನು ಉಲ್ಟಾ ಮಾಡುತ್ತಾರೆ. ಮಿರಿಮಿರಿ ಫ್ರೇಮಿಗೆ ದುಡ್ಡೆಲ್ಲ ಸುರಿದು ಕೊನೆಗೆ ಚಕ್ರಕ್ಕೆ ಏನೋ ಒಂದು ಹೊಂದಿಸುತ್ತಾರೆ.

ಫ್ರೇಮ್ ಎಲ್ಲಿ ಸಿಗುತ್ತದೆ

ನಾನು ಹೇಳುವುದು ಬೆಂಗಳೂರಿನ ಲೆಕ್ಕ. ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿಗೆ ಬೆಳಕು ಹರಿಯುವಾಗಲೇ ಹೋಗಬೇಕು. ಹತ್ತು ಗಂಟೆಗೆ ಹೋದರೆ ಮೊಬೈಲ್ ಚಾರ್ಜರ್, ಶೂ ನೋಡಿಕೊಂಡು ಬರಬೇಕಷ್ಟೆ. ಅಲ್ಲಿ ಇಡೀ ಸೈಕಲ್ ಅಪರೂಪ. ಪೆಡಲ್, ಹ್ಯಾಂಡಲ್, ಕ್ರ್ಯಾಂಕ್, ಒಳ್ಳೆಯ ಸ್ಪ್ಯಾನರ್, ಇವು ಅದೃಷ್ಟ ಇದ್ದರೆ ಸಿಗುತ್ತವೆ. ಶಿವಾಜಿನಗರದ ಗುಜರಿಯಲ್ಲಿ ಕಬ್ಬಿಣ ರಾಶಿ ಇರುತ್ತದೆ, ತಾಳ್ಮೆ ನಿಮ್ಮದಿರಬೇಕು.

ಆದರೆ ಇಡೀ ಊರಿನಲ್ಲಿ ಹಳೆ ಸೈಕಲ್ ಅತಿ ಹೆಚ್ಚು ಬಿದ್ದಿರುವ ಜಾಗ ಯಾವ ಬಜಾರೂ ಅಲ್ಲ, ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟು. ಯಾವ ಅಪಾರ್ಟ್‌ಮೆಂಟಿಗಾದರೂ ಹೋಗಿ ನೋಡಿ. ಲಿಫ್ಟ್ ಹಿಂದೆ, ನೀರಿನ ಪಂಪಿನ ಪಕ್ಕ, ಟೈರ್ ಕುಸಿದು ಧೂಳು ಹಿಡಿದ ಸೈಕಲ್‌ಗಳ ಸಾಲು ಇರುತ್ತದೆ. 2020ರ ಲಾಕ್‌ಡೌನಿನಲ್ಲಿ ಉತ್ಸಾಹದಿಂದ ಕೊಂಡವರು, ಮಗ ಅಮೆರಿಕಕ್ಕೆ ಹೋದವರು, ಬಾಡಿಗೆ ಬಿಟ್ಟು ಹೋಗುವಾಗ ಸಾಗಿಸಲಾರದವರು, ಎಲ್ಲರ ಸೈಕಲ್ಲೂ ಅಲ್ಲಿದೆ. ವರ್ಷಕ್ಕೊಮ್ಮೆ ಅಸೋಸಿಯೇಷನ್‌ನವರು ಚೀಟಿ ಅಂಟಿಸುತ್ತಾರೆ: ಇಂಥ ದಿನದೊಳಗೆ ತೆಗೆಯದಿದ್ದರೆ ಗುಜರಿಗೆ. ಆ ದಿನ ಯಾವುದು ಅಂತ ವಾಚ್‌ಮನ್‌ಗೆ ಗೊತ್ತಿರುತ್ತದೆ. ಅವರ ಹತ್ತಿರ ನಿಮ್ಮ ನಂಬರ್ ಇರಲಿ. ಆದರೆ ವಾಚ್‌ಮನ್ ಕೈಗೆ ದುಡ್ಡು ಕೊಟ್ಟು ಸೈಕಲ್ ಎತ್ತಿಕೊಂಡು ಬರಬೇಡಿ. ಸೈಕಲ್ ಯಾರದೋ ಅವರ ಫೋನ್ ನಂಬರ್ ಕೇಳಿ, ನೇರ ಮಾತಾಡಿ, ವಾಟ್ಸಾಪಿನಲ್ಲಿ ಒಂದು ಸಾಲು ಒಪ್ಪಿಗೆ ಬರೆಸಿಕೊಳ್ಳಿ. ಎಷ್ಟೋ ಸಲ 'ತಗೊಂಡು ಹೋಗಿ ಸಾರ್, ಜಾಗ ಖಾಲಿಯಾದರೆ ಸಾಕು' ಅನ್ನುತ್ತಾರೆ.

ಓಎಲ್‌ಎಕ್ಸ್‌ನಲ್ಲಿ ಹುಡುಕುವವರಿಗೆ ಒಂದು ಉಪಾಯ. 'ಫಿಕ್ಸಿ' ಅಂತ ಹಾಕಿದರೆ ಬೆಲೆ ಗೊತ್ತಿರುವವರ ಜಾಹೀರಾತೇ ಬರುತ್ತದೆ. 'ರೇಸಿಂಗ್ ಸೈಕಲ್', 'ಹಳೆ ಗೇರ್ ಸೈಕಲ್', 'ಗೇರ್ ಕೆಟ್ಟಿದೆ' ಅಂತ ಹುಡುಕಿ, ತಪ್ಪು ಸ್ಪೆಲಿಂಗಿನಲ್ಲೂ ಹುಡುಕಿ. ಗೇರ್ ಕೆಟ್ಟಿರುವ ಸೈಕಲ್ ಉಳಿದವರಿಗೆ ತಲೆನೋವು, ನಮಗೆ ಹಬ್ಬ. ಹೇಗೂ ಗೇರ್ ಕಿತ್ತು ಹಾಕುವವರು ನಾವು. ತಿಂಗಳ ಕೊನೆಯ ವಾರ ನೋಡಿ, ಮನೆ ಖಾಲಿ ಮಾಡುವವರು ಆಗ ಅವಸರದಲ್ಲಿರುತ್ತಾರೆ.

ಎಲ್ಲಿ ಕೊಂಡರೂ ಪೆಡಲ್ ಅಚ್ಚು ಕೂರುವ ಕೊಳವೆಯ ಅಡಿಯಲ್ಲಿ ಫ್ರೇಮ್ ನಂಬರ್ ನೋಡಿ. ಆ ನಂಬರನ್ನು ಉಜ್ಜಿ ಅಳಿಸಿದ್ದರೆ ಅಲ್ಲಿಂದ ಎದ್ದು ಬನ್ನಿ. ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಆ ಸೈಕಲ್ ಮೇಲೆ ಅವರೋ ಅವರ ಮಕ್ಕಳೋ ಕೂತಿರುವ ಹಳೆ ಫೋಟೋ ಆದರೂ ಇರುತ್ತದೆ, ಅಲ್ವಾ? ಕದ್ದ ಸೈಕಲ್ ಅಗ್ಗವಾಗಿಯೇ ಸಿಗುತ್ತದೆ, ಅದಕ್ಕೇ ಬೇಡ.

ಅಯಸ್ಕಾಂತ, ದಾರ, ಟೇಪು

ಮೊದಲು ಅಯಸ್ಕಾಂತ. ಫ್ರೇಮಿಗೆ ಅಂಟಿಕೊಂಡರೆ ಸ್ಟೀಲು, ಜಾರಿದರೆ ಅಲ್ಯೂಮಿನಿಯಂ. ಹಳೆಯ ಸ್ಟೀಲ್ ಫ್ರೇಮೇ ಬೇಕು ನಮಗೆ. ಅದು ಸ್ವಲ್ಪ ಬಾಗಿದರೂ ಸರಿ ಮಾಡಬಹುದು, ಬಿರುಕು ಬಿಟ್ಟರೆ ಬೆಸೆಯಬಹುದು, ಹಿಂದಿನ ಅಗಲವನ್ನು ಒಂದಿಷ್ಟು ಹೊಂದಿಸಬಹುದು. ಅಲ್ಯೂಮಿನಿಯಮ್ಮಿಗೆ ಇದ್ಯಾವ ಔದಾರ್ಯವೂ ಇಲ್ಲ. ಅಯಸ್ಕಾಂತವನ್ನು ಕೊಳವೆಗಳ ಉದ್ದಕ್ಕೂ ಎಳೆದುಕೊಂಡು ಹೋಗಿ. ಎಲ್ಲೋ ಒಂದು ಕಡೆ ಹಿಡಿತ ಬಿಟ್ಟಿತು ಅಂದರೆ ಅಲ್ಲಿ ಪುಟ್ಟಿ ಮೆತ್ತಿ ಪೇಂಟ್ ಹೊಡೆದಿದ್ದಾರೆ.

ಆಮೇಲೆ ಹ್ಯಾಂಡಲ್ ಕೆಳಗೆ, ಓರೆಯಾಗಿ ಇಳಿಯುವ ಕೊಳವೆಯ ಕೆಳಭಾಗಕ್ಕೆ ಬೆರಳು ಸವರಿ. ಅಲ್ಲಿ ಪೇಂಟ್ ಸುಕ್ಕುಗಟ್ಟಿದ್ದರೆ, ಸಣ್ಣ ಉಬ್ಬು ಕೈಗೆ ಸಿಕ್ಕರೆ, ಆ ಸೈಕಲ್ ಎಲ್ಲೋ ಮುಖಾಮುಖಿ ಗುದ್ದಿದೆ. ಎಷ್ಟು ಅಗ್ಗವಾದರೂ ಬಿಡಿ.

ದಾರದ ಕೆಲಸ ನನಗೆ ಬಹಳ ಇಷ್ಟ. ಹಿಂದಿನ ಚಕ್ರ ಕೂರುವ ಒಂದು ಕಿವಿಗೆ ದಾರ ಕಟ್ಟಿ. ಅದನ್ನು ಬಿಗಿಯಾಗಿ ಮುಂದಕ್ಕೆ ಎಳೆದು, ಹ್ಯಾಂಡಲ್ ಕೂರುವ ಕೊಳವೆಯ ಸುತ್ತ ಬಳಸಿ, ಇನ್ನೊಂದು ಬದಿಯಿಂದ ಹಿಂದಕ್ಕೆ ತಂದು ಇನ್ನೊಂದು ಕಿವಿಗೆ ಕಟ್ಟಿ. ಈಗ ಸೀಟಿನ ಕೊಳವೆಗೂ ದಾರಕ್ಕೂ ನಡುವಿನ ಅಂತರವನ್ನು ಎರಡೂ ಬದಿ ಟೇಪಿನಲ್ಲಿ ಅಳೆಯಿರಿ. ಒಂದೆರಡು ಮಿಲಿಮೀಟರ್ ವ್ಯತ್ಯಾಸ ಇದ್ದರೆ ಚಿಂತೆ ಇಲ್ಲ. ಒಮ್ಮೆ ಕುಂಕುಮ ಬಣ್ಣದ, ಕೀಲುಗಳಿಗೆ ಬಂಗಾರದ ಗೆರೆ ಎಳೆದ ಒಂದು ಫ್ರೇಮ್ ಸಿಕ್ಕಿತ್ತು. ಮಾರುವ ಅಜ್ಜನಿಗೂ ಅದರ ಮೇಲೆ ಪ್ರೀತಿ. ದಾರ ಕಟ್ಟಿದೆ, ಒಂದು ಕಡೆ 31 ಮಿ.ಮೀ., ಇನ್ನೊಂದು ಕಡೆ 22. ಅಜ್ಜ ತಾವೇ ಟೇಪು ಇಸಕೊಂಡು ಇನ್ನೊಮ್ಮೆ ಅಳೆದರು. 'ಹಂಗಾದ್ರೆ ಇಷ್ಟು ವರ್ಷ ಇದು ಎಡಕ್ಕೆ ಎಳೀತಿದ್ದಿದ್ದು ನನ್ನ ತಪ್ಪಲ್ಲ' ಅಂದರು. ಅವತ್ತು ಬರಿಗೈಲಿ ಬಂದೆ.

ಟೇಪಿನ ಇನ್ನೊಂದು ಕೆಲಸ ಹಿಂದಿನ ಎರಡು ಕಿವಿಗಳ ನಡುವಿನ ಒಳ ಅಗಲ ಅಳೆಯುವುದು. ಫಿಕ್ಸಿಗೆ ಹಾಕುವ ಟ್ರ್ಯಾಕ್ ಹಬ್ಬಿನ ಅಗಲ 120 ಮಿ.ಮೀ. ಹಳೆಯ ಐದು ಗೇರಿನ ಫ್ರೇಮ್‌ಗಳೂ 120 ಇರುತ್ತವೆ. ಆರೇಳು ಗೇರಿನದಾದರೆ 126, ಆಮೇಲಿನ ರೋಡ್ ಸೈಕಲ್ 130, ಗುಡ್ಡ ಹತ್ತುವ ಎಂಟಿಬಿ ಜಾತಿಯವು 135. 126 ಬಂದರೆ ಅಚ್ಚಿನ ಎರಡೂ ಬದಿ 3 ಮಿ.ಮೀ. ವಾಷರ್ ಹಾಕಿದರೆ ಮುಗಿಯಿತು. ಲೇತ್ ಅಂಗಡಿಯಲ್ಲಿ ಟೀ ಕುಡಿಯುವಷ್ಟರಲ್ಲಿ ಮಾಡಿಕೊಡುತ್ತಾರೆ.

ಅಗಲಕ್ಕಿಂತ ಮುಖ್ಯವಾದದ್ದು ಆ ಕಿವಿಗಳ ಸೀಳು ಯಾವ ಕಡೆಗಿದೆ ಅನ್ನುವುದು. ಅಡ್ಡಕ್ಕೆ ಉದ್ದವಾಗಿದ್ದರೆ ಚಕ್ರವನ್ನು ಹಿಂದೆ ಮುಂದೆ ಸರಿಸಿ ಚೈನ್ ಬಿಗಿ ಮಾಡಬಹುದು. ನೇರ ಕೆಳಕ್ಕೆ ಸೀಳಿದ್ದರೆ ಚಕ್ರ ಸರಿಯುವುದೇ ಇಲ್ಲ. ಗೇರ್ ಸೈಕಲ್ಲಿನಲ್ಲಿ ಗೇರ್ ಬದಲಿಸುವ ಡಿರೇಲರ್ ಚೈನನ್ನು ಎಳೆದು ಹಿಡಿಯುತ್ತದೆ, ನಮ್ಮಲ್ಲಿ ಅದಿಲ್ಲ. ಹಾಗಾಗಿ ಕೆಳಕ್ಕೆ ಸೀಳಿದ ಫ್ರೇಮ್ ಎಷ್ಟೇ ಚೆನ್ನಾಗಿದ್ದರೂ ಕೈಮುಗಿದು ಬಿಡಿ. ಹೊಸಬರ ದುಡ್ಡು ಹೆಚ್ಚಾಗಿ ಹಾಳಾಗುವುದು ಈ ಒಂದು ವಿಷಯದಲ್ಲಿ.

ಕೊನೆಗೆ, ದುಡ್ಡು ಕೊಡುವ ಮೊದಲು ಸೀಟ್ ಪೋಸ್ಟ್ ಮತ್ತು ಹ್ಯಾಂಡಲ್ ಎರಡನ್ನೂ ಅಲ್ಲಾಡಿಸಿ ಮೇಲೆ ಕೆಳಗೆ ಮಾಡಿ. ತುಕ್ಕಿನಲ್ಲಿ ಕಚ್ಚಿಕೊಂಡ ಸೀಟ್ ಪೋಸ್ಟ್ ತೆಗೆಯಲು ನಾನು ಒಮ್ಮೆ ಮೂರು ವಾರ ಎಣ್ಣೆ ಸುರಿದಿದ್ದೇನೆ. ಪೋಸ್ಟ್ ಹೊರಗೆ ಬಂದರೆ ಅದರ ಮೇಲಿನ ಅಳತೆ ಓದಿ. 27.2 ಅಂತ ಇದ್ದರೆ ಮುಖದಲ್ಲಿ ಸಂತೋಷ ತೋರಿಸಬೇಡಿ. ಅದು ಸಾಮಾನ್ಯವಾಗಿ ತೆಳು ಗೋಡೆಯ, ಹಗುರಾದ, ಒಳ್ಳೆಯ ಕೊಳವೆಯ ಗುರುತು.

ಚೌಕಾಸಿ

ಗುಜರಿಯಲ್ಲಿ 'ಇದು ಚೆನ್ನಾಗಿದೆ' ಅನ್ನುವ ಮಾತು ಬಾಯಿಂದ ಬರಬಾರದು. ಬೇಕಾದ ವಸ್ತುವಿನ ಬೆಲೆಯನ್ನು ಮೊದಲು ಕೇಳಲೂ ಬಾರದು. ಪಕ್ಕದ ಬೇಡದ ಎರಡು ಸಾಮಾನಿನ ಬೆಲೆ ಕೇಳಿ, ಆಮೇಲೆ ಇದರದು.

'ಅಣ್ಣ, ಈ ಕ್ರ್ಯಾಂಕ್ ಎಷ್ಟು?'

'ಎಂಟುನೂರು ಕೊಡಿ ಸಾರ್. ಫಾರಿನ್ ಮಾಲು.'

ನಾನು ಚೀಲದಿಂದ ಹಳೆಯ ಎಡ ಪೆಡಲ್ ತೆಗೆದು ಕ್ರ್ಯಾಂಕಿನ ಮರೆಗೆ, ಅಂದರೆ ತಿರುಪಿನ ಗೆರೆಗಳಿಗೆ, ಹಚ್ಚಿ ನೋಡಿದೆ. ಎರಡು ಸುತ್ತು ಹೋಗಿ ಸಿಕ್ಕಿಕೊಂಡಿತು. ಎಡ ಪೆಡಲಿನ ಮರೆ ಉಲ್ಟಾ ಅಂತ ಗೊತ್ತಿಲ್ಲದ ಯಾರೋ ಬಲವಂತ ಮಾಡಿದ್ದಾರೆ. ಇದಕ್ಕೆ ಟ್ಯಾಪ್ ಹೊಡೆಸಿದರೆ, ಅಂದರೆ ಮರೆ ಮತ್ತೆ ಕೊರೆಸಿದರೆ, ಸರಿಹೋಗುತ್ತದೆ ಅಂತ ನನಗೆ ಗೊತ್ತು.

'ಮರೆ ಹೋಗಿದೆ ಅಣ್ಣ. ಮುನ್ನೂರು.'

'ಬೋಣಿ ಟೈಮು ಸಾರ್ ಇದು. ನಾನೂರು ಮಾಡಿ, ಕಣ್ಣಿಗೆ ಒತ್ಕೋತೀನಿ.'

ನಾನೂರಕ್ಕೆ ಮುಗಿಯಿತು. ಬೋಣಿ ಹೊತ್ತಿನಲ್ಲಿ ಅವರೂ ಸ್ವಲ್ಪ ಇಳಿಯುತ್ತಾರೆ, ಆದರೆ ಬೆಲೆ ಕುದುರಿದ ಮೇಲೆ ಕೈಕೊಟ್ಟು ಹೋಗಬಾರದು. ಮುಂದಿನ ವಾರ ಮುಖ ತೋರಿಸಬೇಕಲ್ಲ. ಅಪಾರ್ಟ್‌ಮೆಂಟಿನವರ ಹತ್ತಿರ ಮಾತ್ರ ನಾನು ಚೌಕಾಸಿ ಮಾಡುವುದಿಲ್ಲ. ಅವರ ಬೆಲೆ ಹೇಗೂ ಕಮ್ಮಿ. ಕಟ್ಟಿ ಮುಗಿಸಿದ ಮೇಲೆ ಒಂದು ಫೋಟೋ ಕಳಿಸುತ್ತೇನೆ, ಅಷ್ಟರಲ್ಲಿ ಅವರ ಅಣ್ಣನ ಸೈಕಲ್ಲಿನ ಸುದ್ದಿಯೂ ಬಂದಿರುತ್ತದೆ.

ಜಪಾನಿನ ಕೇರಿನ್ ಫ್ರೇಮ್‌ಗಳ ಬಗ್ಗೆ ಒಂದು ಮಾತು. 1948ರಲ್ಲಿ ಕೊಕುರಾದಲ್ಲಿ ಶುರುವಾದ ಈ ಬಾಜಿ ರೇಸಿನಲ್ಲಿ ಓಡುವ ಸೈಕಲ್ಲಿನ ಸಾಮಾನುಗಳಿಗೆ, ರೇಸಿಗೆ ಒಪ್ಪಿತ ಅನ್ನುವ ಗುರುತಾಗಿ, 'ಎನ್‌ಜೆಎಸ್' ಮುದ್ರೆ ಇರುತ್ತದೆ. ರೇಸುಗಾರರು ಬಳಸಿ ಬಿಟ್ಟ ಫ್ರೇಮ್‌ಗಳು ಸೆಕೆಂಡ್ ಹ್ಯಾಂಡ್ ಆಗಿ ಜಗತ್ತೆಲ್ಲ ಹೋಗುತ್ತವೆ. ಫಿಕ್ಸಿ ಮಂದಿಗೆ ಅದು ಕಾಂಜೀವರಂ ಸೀರೆ ಇದ್ದಂತೆ. ನನ್ನ ಗೆಳೆಯನೊಬ್ಬ ತರಿಸಿದ. ಸಾಗಣೆ, ಕಸ್ಟಮ್ಸ್ ಸೇರಿ ಫ್ರೇಮಿನ ಬೆಲೆಯನ್ನೂ ಮೀರಿತು. ಬಂದ ಮೇಲೆ ನೋಡಿದರೆ ಫೋರ್ಕಿನಲ್ಲಿ ಬ್ರೇಕ್ ಹಾಕಲು ತೂತೇ ಇಲ್ಲ. ಟ್ರ್ಯಾಕಿನಲ್ಲಿ ಬ್ರೇಕ್ ಇರುವುದಿಲ್ಲವಲ್ಲ, ಅದಕ್ಕೆ. ಈಗ ಅದು ಅವನ ಹಾಲಿನ ಗೋಡೆ ಮೇಲಿದೆ.

ಹಿಂದಿನ ಹಬ್: ಇಲ್ಲಿ ಉಳಿಸಲು ಹೋಗಬೇಡಿ

ನನ್ನ ಮೊದಲ ಫಿಕ್ಸಿಯ ಕಥೆ ಹೇಳಿದರೆ ಈ ಭಾಗ ಅರ್ಥವಾಗುತ್ತದೆ. ಒಬ್ಬ ಮೆಕ್ಯಾನಿಕ್ ಹೇಳಿದರು, 'ಅದಕ್ಕೆಲ್ಲ ಯಾಕೆ ಸಾರ್ ಹೊಸ ಹಬ್ಬು? ಇರೋ ಫ್ರೀವೀಲಿಗೇ ವೆಲ್ಡಿಂಗ್ ಹೊಡೆದರೆ ಆಯ್ತು.' ಹೊಡೆಸಿದೆ, ನೂರು ರೂಪಾಯಿಗೆ ಕೆಲಸ ಆಯಿತು. ಎರಡು ವಾರ ಮಹಾರಾಜನಂತೆ ಓಡಾಡಿದೆ. ಮೂರನೇ ವಾರ ಮನೆ ಹತ್ತಿರದ ಇಳಿಜಾರಿನಲ್ಲಿ ವೇಗ ತಗ್ಗಿಸಲು ಪೆಡಲನ್ನು ಹಿಂದಕ್ಕೆ ಒತ್ತಿದೆ. ಪೆಡಲ್ ಸಲೀಸಾಗಿ ಹಿಂದಕ್ಕೆ ಹೋಯಿತು. ಚಕ್ರ ಮುಂದಕ್ಕೇ ಓಡುತ್ತಿತ್ತು. ಮುಂದಿನ ಬ್ರೇಕ್ ಇದ್ದದ್ದಕ್ಕೆ ಇವತ್ತು ಇದನ್ನು ಬರೆಯುತ್ತಿದ್ದೇನೆ.

ಆದದ್ದು ಇಷ್ಟೆ. ಫ್ರೀವೀಲ್ ಹಬ್ಬಿಗೆ ಸಾದಾ ಮರೆಯಲ್ಲಿ ಕೂರುತ್ತದೆ. ಮುಂದಕ್ಕೆ ತುಳಿದಷ್ಟೂ ಬಿಗಿಯಾಗುತ್ತದೆ, ಹಿಂದಕ್ಕೆ ಒತ್ತಿದರೆ ಬಿಚ್ಚಿಕೊಳ್ಳುತ್ತದೆ. ಸಾದಾ ಸೈಕಲ್ಲಿನಲ್ಲಿ ಹಿಂದಕ್ಕೆ ಒತ್ತಡವೇ ಬೀಳುವುದಿಲ್ಲ, ಹಾಗಾಗಿ ತೊಂದರೆ ಇಲ್ಲ. ಟ್ರ್ಯಾಕ್ ಹಬ್ಬಿನಲ್ಲಿ ಎರಡು ಮೆಟ್ಟಿಲು ಇರುತ್ತವೆ. ದೊಡ್ಡ ಮೆಟ್ಟಿಲಿಗೆ ಸಾದಾ ಮರೆ, ಅಲ್ಲಿ ಹಲ್ಲಿನ ಕಾಗ್ ಕೂರುತ್ತದೆ. ಅದರ ಹೊರಗಿನ ಚಿಕ್ಕ ಮೆಟ್ಟಿಲಿಗೆ ಉಲ್ಟಾ ಮರೆ, ಅಲ್ಲಿ ಲಾಕ್‌ರಿಂಗ್. ಹಿಂದಕ್ಕೆ ಒತ್ತಿದಾಗ ಕಾಗ್ ಬಿಚ್ಚಿಕೊಳ್ಳಲು ನೋಡುತ್ತದೆ. ಆದರೆ ಅದು ತಿರುಗುವ ದಿಕ್ಕು ಲಾಕ್‌ರಿಂಗ್ ಬಿಗಿಯಾಗುವ ದಿಕ್ಕು. ಹಾಗಾಗಿ ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ.

ಮೆಟ್ಟಿಲು ಎರಡು ಇಲ್ಲದ ಹಬ್ಬಿಗೆ ಕಾಗ್ ಹಾಕಿ, ಮೇಲೆ ಇನ್ಯಾವುದೋ ರಿಂಗ್ ಬಿಗಿದು, ಅಂಟು ಹಾಕಿ ಕೊಡುವವರಿದ್ದಾರೆ. ಇಂಥದ್ದಕ್ಕೆ ಇಂಗ್ಲಿಷ್ ಸವಾರರು ಇಟ್ಟ ಹೆಸರು 'ಸೂಯಿಸೈಡ್ ಹಬ್'. ಹೆಸರಿನಲ್ಲೇ ಎಲ್ಲ ಇದೆ.

ಒಂದು ಕಡೆ ಕಾಗ್, ಇನ್ನೊಂದು ಕಡೆ ಫ್ರೀವೀಲ್ ಹಾಕಬಹುದಾದ 'ಫ್ಲಿಪ್ ಫ್ಲಾಪ್' ಹಬ್ ಸಿಕ್ಕರೆ ಅದನ್ನೇ ತಗೊಳ್ಳಿ. ಮಂಡಿ ನೋವು ಬಂದ ದಿನ ಚಕ್ರ ತಿರುಗಿಸಿ ಹಾಕಿದರೆ ಸಾದಾ ಸೈಕಲ್ ಆಗುತ್ತದೆ. ಚಕ್ರ ತಿರುಗಿಸಿ ಹಾಕುವ ಈ ಉಪಾಯ ಹಳೆಯದು. ಟೂರ್ ಡಿ ಫ್ರಾನ್ಸಿನಲ್ಲಿ 1937ರವರೆಗೆ ಡಿರೇಲರಿಗೆ ಅನುಮತಿ ಇರಲಿಲ್ಲ. ಬೆಟ್ಟದ ಬುಡ ಬಂದಾಗ ಸವಾರರು ಇಳಿದು, ಹಿಂದಿನ ಚಕ್ರ ಬಿಚ್ಚಿ, ಇನ್ನೊಂದು ಬದಿಯ ಹಲ್ಲಿಗೆ ಚೈನ್ ಹಾಕಿಕೊಂಡು ಹತ್ತುತ್ತಿದ್ದರು.

ಹಲ್ಲಿನ ಲೆಕ್ಕ

ಗೇರ್ ಒಂದೇ ಇರುವುದರಿಂದ ಅದನ್ನು ಮೊದಲೇ ಯೋಚಿಸಿ ಆರಿಸಬೇಕು. ಹಳೆಯ ರೋಡ್ ಸೈಕಲ್ಲಿನ ಎರಡು ತಟ್ಟೆಯ ಕ್ರ್ಯಾಂಕಿನಲ್ಲಿ ಸಾಮಾನ್ಯವಾಗಿ ಹೊರಗೆ 52 ಹಲ್ಲು, ಒಳಗೆ 42. ಹೊರಗಿನದು ತೆಗೆದಿಡಿ. 42ರದ್ದನ್ನು ಇದ್ದ ಜಾಗದಲ್ಲೇ ಬಿಟ್ಟು ಗಿಡ್ಡ ಬೋಲ್ಟ್ ಹಾಕಿ. ಒಳಗಿನ ಜಾಗದಲ್ಲಿದ್ದರೆ ಚೈನ್ ಹಿಂದಿನ ಕಾಗಿಗೆ ನೇರವಾಗಿ ಹೋಗುವ ಸಾಧ್ಯತೆ ಜಾಸ್ತಿ. ಹೊಸ ತಟ್ಟೆಯ ಖರ್ಚು ಉಳಿಯಿತು.

ಹಿಂದೆ 16 ಹಲ್ಲು ಹಾಕಿದರೆ 42 ಭಾಗಿಸು 16, ಅಂದರೆ 2.625. ಚಕ್ರದ ಸುತ್ತಳತೆ ಸುಮಾರು 2.1 ಮೀಟರ್. ಒಂದು ತುಳಿತಕ್ಕೆ ಐದೂವರೆ ಮೀಟರ್ ಹೋಗುತ್ತೀರಿ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಪೆಡಲ್ ನಿಮಿಷಕ್ಕೆ 90 ಸುತ್ತು ತಿರುಗುತ್ತದೆ. ಇದು ಹಿತವಾದ ಲೆಕ್ಕ. ಅದೇ ಇಳಿಜಾರಿನಲ್ಲಿ 50 ಕಿ.ಮೀ. ಮುಟ್ಟಿದರೆ 150 ಸುತ್ತು. ಕಾಲು ನಿಮ್ಮ ಮಾತು ಕೇಳುವುದಿಲ್ಲ, ನೀವೇ ಅದರ ಹಿಂದೆ ಓಡಬೇಕು. ನಂದಿ ಬೆಟ್ಟ ಹತ್ತಿದ ಫಿಕ್ಸಿ ಸವಾರರು ಇಳಿಯುವಾಗ ಬ್ರೇಕ್ ಹಿಡಿದುಕೊಂಡೇ ಇಳಿಯುವುದು ಇದಕ್ಕೇ.

48ಕ್ಕೆ 16 ಹಾಕುವ ಆಸೆ ಎಲ್ಲರಿಗೂ ಬರುತ್ತದೆ, ಬೇಡ. ಚಕ್ರ ಲಾಕ್ ಮಾಡಿ ಜಾರಿಸುವುದಕ್ಕೆ ಸ್ಕಿಡ್ ಅನ್ನುತ್ತಾರೆ. ಕಾಲು ಅದೇ ಸ್ಥಾನದಲ್ಲಿ ಇಟ್ಟು ಜಾರಿಸಿದರೆ ಟೈರಿನ ಕೆಲವೇ ಜಾಗ ನೆಲಕ್ಕೆ ಉಜ್ಜುತ್ತದೆ. ಎಷ್ಟು ಜಾಗ ಅಂತ ತಿಳಿಯಲು ಭಿನ್ನರಾಶಿಯನ್ನು ಸಂಕ್ಷೇಪಿಸಿ ಕೆಳಗಿನ ಅಂಕೆ ನೋಡಿ. 48/16 ಅಂದರೆ 3/1. ಒಂದೇ ಜಾಗ! ಆ ಜಾಗ ಬೇಗನೆ ಬೋಳಾಗಿ ಟ್ಯೂಬ್ ಕಾಣುತ್ತದೆ. 42/16 ಅಂದರೆ 21/8, ಎಂಟು ಜಾಗ. 42/17 ಸಂಕ್ಷೇಪವಾಗುವುದೇ ಇಲ್ಲ, ಹದಿನೇಳು ಜಾಗ. ಒಂದು ಹಲ್ಲಿನ ವ್ಯತ್ಯಾಸಕ್ಕೆ ಒಂದು ಟೈರಿನ ದುಡ್ಡು ಉಳಿಯುತ್ತದೆ. ಐದನೇ ಕ್ಲಾಸಿನ ಗಣಿತ ಇಷ್ಟು ಉಪಯೋಗಕ್ಕೆ ಬಂದದ್ದು ನನಗೆ ಇದೊಂದೇ ಕಡೆ.

ಜೋಡಿಸುವುದು

ಕಾಗಿನ ಮರೆಗೆ ಗ್ರೀಸ್ ಹಚ್ಚಿ, ಕೈಯಲ್ಲಿ ತಿರುಗಿಸಿ ಕೂರಿಸಿ, ಆಮೇಲೆ ಚೈನ್ ವಿಪ್‌ನಿಂದ ಬಿಗಿ ಮಾಡಿ. ಚೈನ್ ವಿಪ್ ಕೊಳ್ಳುವುದು ಬೇಡ. ಒಂದು ಕಬ್ಬಿಣದ ಪಟ್ಟಿಗೆ ಹಳೆ ಚೈನಿನ ತುಂಡು ಬೋಲ್ಟ್ ಮಾಡಿದರೆ ಅದೇ. ಲಾಕ್‌ರಿಂಗ್ ಎಡಕ್ಕೆ ತಿರುಗಿಸಿದರೆ ಬಿಗಿ, ಮರೆಯಬೇಡಿ. ಎಲ್ಲ ಆದ ಮೇಲೆ ಒಂದು ಏರು ರಸ್ತೆಯಲ್ಲಿ ಜೋರಾಗಿ ತುಳಿದು ಹತ್ತಿ ಬನ್ನಿ. ಕಾಗ್ ಇನ್ನಷ್ಟು ಕೂರುತ್ತದೆ, ಲಾಕ್‌ರಿಂಗ್ ಸಡಿಲವಾಗಿರುತ್ತದೆ. ಇನ್ನೊಮ್ಮೆ ಬಿಗಿ ಮಾಡಿ. ಈ ಎರಡನೇ ಬಿಗಿಯನ್ನು ಮರೆತವರ ಹಬ್ಬಿನ ಮರೆ ಹೋಗುತ್ತದೆ.

ಮೇಲಿಂದ ನೋಡಿದರೆ ಮುಂದಿನ ತಟ್ಟೆಯೂ ಹಿಂದಿನ ಕಾಗೂ ಒಂದೇ ಗೆರೆಯಲ್ಲಿರಬೇಕು. ಚೈನ್ 1/8 ಇಂಚಿನದು ತಗೊಳ್ಳಿ. ಅದು ತೆಳು ಹಲ್ಲಿಗೂ ದಪ್ಪ ಹಲ್ಲಿಗೂ ಕೂರುತ್ತದೆ. ಬೆರಳಿಂದ ಒತ್ತಿದರೆ ನಡುವೆ ಒಂದು ಸೆಂಟಿಮೀಟರಿನಷ್ಟು ಆಡಬೇಕು. ಪೆಡಲನ್ನು ನಿಧಾನ ತಿರುಗಿಸುತ್ತಾ ಎಲ್ಲ ಕಡೆ ಪರೀಕ್ಷಿಸಿ. ಹಳೆ ತಟ್ಟೆಗಳು ಪೂರ್ತಿ ದುಂಡಗಿರುವುದಿಲ್ಲ, ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಬರುತ್ತದೆ. ತೀರಾ ಸಡಿಲವಾದರೆ ಚೈನ್ ಬಿದ್ದು ಹಿಂದಿನ ಚಕ್ರ ಲಾಕ್ ಆಗಬಹುದು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಸೈಕಲ್ ತಲೆಕೆಳಗೆ ನಿಲ್ಲಿಸಿ, ಪೆಡಲ್ ತಿರುಗಿಸಿ, ಓಡುವ ಚೈನಿಗೆ ಬಟ್ಟೆ ಹಿಡಿದು ಒರೆಸುವ ಅಭ್ಯಾಸ ನಮಗೆಲ್ಲ ಇದೆ. ಫಿಕ್ಸಿಗೆ ಅದನ್ನು ಯಾವತ್ತೂ ಮಾಡಬೇಡಿ. ಸಾದಾ ಸೈಕಲ್ಲಿನಲ್ಲಿ ಬಟ್ಟೆ ಸಿಕ್ಕಿಕೊಂಡರೆ ಚೈನ್ ನಿಲ್ಲುತ್ತದೆ. ಇಲ್ಲಿ ಚಕ್ರದ ಪೂರ್ತಿ ವೇಗ ನಿಮ್ಮ ಬೆರಳನ್ನು ಹಲ್ಲಿನೊಳಗೆ ಎಳೆದುಕೊಳ್ಳುತ್ತದೆ. ಬೆರಳು ಕಳೆದುಕೊಂಡವರು ಇದ್ದಾರೆ. ಚಕ್ರ ನಿಂತಿರುವಾಗ ಅಷ್ಟಷ್ಟೇ ಒರೆಸಿ. ಶೂ ಲೇಸು ಒಳಗೆ ಸಿಕ್ಕಿಸಿ, ಬಲಗಾಲಿನ ಪ್ಯಾಂಟು ಮಡಚಿ.

ಬ್ರೇಕ್ ಮತ್ತು ಕಾಲಿನ ಪಟ್ಟಿ

ಬ್ರೇಕ್ ಇಲ್ಲದೆ ಓಡಿಸುವುದೇ ಗಂಡಸುತನ ಅನ್ನುವವರು ಎಲ್ಲ ಊರಿನಲ್ಲೂ ಇದ್ದಾರೆ. ನನಗೆ ಅವರ ಮೇಲೆ ಗೌರವ ಇಲ್ಲ. ನಿಲ್ಲಿಸುವಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಹಿಂದಿನ ಚಕ್ರ ಹಗುರಾಗಿ ಬರೀ ಜಾರುತ್ತದೆ. ಹಾಗಾಗಿ ಮುಂದೆ ಒಂದು ಒಳ್ಳೆಯ ಬ್ರೇಕ್ ಹೊಸದಾಗಿ ಹಾಕಿ. ಲಂಡನ್ನಿನಲ್ಲೋ ಬರ್ಲಿನ್ನಿನಲ್ಲೋ ಇರುವ ಕನ್ನಡಿಗರು ಕಾನೂನನ್ನೂ ನೋಡಬೇಕು. ಬ್ರಿಟನ್ನಿನ 1983ರ ನಿಯಮದಂತೆ ಫಿಕ್ಸ್ಡ್ ಚಕ್ರವನ್ನೇ ಹಿಂದಿನ ಬ್ರೇಕ್ ಅಂತ ಲೆಕ್ಕ ಹಿಡಿಯುತ್ತಾರೆ, ಆದರೆ ಮುಂದೆ ಬ್ರೇಕ್ ಇರಲೇಬೇಕು. ಜರ್ಮನಿಯಲ್ಲಿ ಎರಡು ಬ್ರೇಕ್ ಕಡ್ಡಾಯ.

ಪೆಡಲಿಗೆ ಕಾಲು ಹಿಡಿದಿಡುವ ಪಟ್ಟಿ ಬೇಕೇ ಬೇಕು. ಕಾಲು ಜಾರಿದರೆ ತಿರುಗುವ ಪೆಡಲ್ ಮೊಣಕಾಲ ಕೆಳಗೆ ಬಾರಿಸುತ್ತದೆ. ಬ್ರ್ಯಾಂಡಿನ ಪಟ್ಟಿ ದುಬಾರಿ. ನಾನು ಮಾಡಿದ್ದು ಬೇರೆ. ಗುಜರಿಯಲ್ಲಿ ಹಳೆ ಕಾರಿನ ಸೀಟ್ ಬೆಲ್ಟ್ ಒಂದು ಮೀಟರ್ ಕೊಂಡು ನಮ್ಮ ಬೀದಿಯ ಚಪ್ಪಲಿ ಹೊಲಿಯುವವರ ಹತ್ತಿರ ಹೋದೆ. ಅವರು ಪೆಡಲನ್ನು ಕೈಯಲ್ಲಿ ತಿರುಗಿಸಿ ನೋಡಿ, ನನ್ನ ಶೂ ಕಳಚಿಸಿ, ಅದರ ಮೇಲೇ ಅಳತೆ ಹಿಡಿದು ವೆಲ್ಕ್ರೋ ಇಟ್ಟು ಹೊಲಿದರು. ಎರಡು ಎಳೆ ದಾರ, ನಾಲ್ಕು ಸಾಲು. 'ಇದು ಸೈಕಲ್ಲಿಗಾ? ಬೀಳಲ್ವಾ ಸಾರ್?' ಅಂದರು. ಬೀಳುತ್ತೇವೆ, ಮೊದಲ ವಾರ. ಪಟ್ಟಿ ಮಾತ್ರ ಮೂರು ವರ್ಷದಿಂದ ಇದೆ.

ಮೊದಲ ಸವಾರಿ

ಭಾನುವಾರ ಕಬ್ಬನ್ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ. ಕಲಿಯಲು ಅದೇ ಸರಿ. ಮೊದಲ ಅರ್ಧ ಗಂಟೆಯಲ್ಲಿ ಒಮ್ಮೆಯಾದರೂ ಕಾಲು ನಿಲ್ಲಿಸಲು ನೋಡುತ್ತೀರಿ, ಸೈಕಲ್ ನಿಮ್ಮನ್ನು ಸೀಟಿನಿಂದ ಎತ್ತುತ್ತದೆ. ಎಲ್ಲರಿಗೂ ಆಗುತ್ತದೆ. ಹಂಪ್ ಬಂದಾಗ ನಿಧಾನಿಸಿ, ಸೀಟಿನಿಂದ ಸ್ವಲ್ಪ ಎದ್ದು, ತುಳಿಯುತ್ತಲೇ ದಾಟಿ. ಎತ್ತರದ ಹಂಪಿಗೆ ಕೆಳಗೆ ಬಂದ ಪೆಡಲ್ ತಾಗುತ್ತದೆ, ಅದನ್ನು ಮೊದಲೇ ಅಂದಾಜು ಮಾಡಬೇಕು. ತಿರುವಿನಲ್ಲೂ ಅಷ್ಟೇ, ಜಾಸ್ತಿ ವಾಲಬೇಡಿ. ಕಾಲು ನೆಲಕ್ಕೆ ಇಡದೆ ನಿಂತಲ್ಲೇ ನಿಲ್ಲುವ ಟ್ರ್ಯಾಕ್ ಸ್ಟ್ಯಾಂಡ್ ಕಲಿಯಲು ಬೆಂಗಳೂರಿನಷ್ಟು ಒಳ್ಳೆಯ ಊರಿಲ್ಲ. ನಮ್ಮ ಸಿಗ್ನಲ್‌ಗಳು ಅಷ್ಟು ಹೊತ್ತು ಕೆಂಪಾಗಿರುತ್ತವೆ. ಪಕ್ಕದ ಆಟೋದವರು ಕಾಮೆಂಟರಿಯನ್ನೂ ಕೊಡುತ್ತಾರೆ.

ಡಬ್ಬ

ಒಂದು ಸೈಕಲ್ ಮುಗಿಯುವ ಹೊತ್ತಿಗೆ ನಿಮ್ಮ ಮಂಚದ ಕೆಳಗೆ ಒಂದು ಡಬ್ಬ ತುಂಬಿರುತ್ತದೆ. ಮೇಲೆ ಹೇಳಿದ 52ರ ತಟ್ಟೆ, ಕಿತ್ತ ಡಿರೇಲರ್, ಉಳಿದ ಬೋಲ್ಟು. ಎಸೆಯಬೇಡಿ. ಈ ಹವ್ಯಾಸದವರಲ್ಲಿ ಅರ್ಧ ವ್ಯಾಪಾರ ದುಡ್ಡಿಲ್ಲದೆಯೇ ನಡೆಯುತ್ತದೆ. ನಿಮಗೆ ಬೇಡವಾದ ಡಿರೇಲರ್ ಗೇರ್ ಸೈಕಲ್ ರಿಪೇರಿ ಮಾಡುವವರಿಗೆ ಬೇಕು. ಅವರ ಹತ್ತಿರದ ತುಕ್ಕು ಹಿಡಿದ ಸ್ಟೆಮ್ (ಹ್ಯಾಂಡಲ್ ಹಿಡಿದಿಡುವ ತುಂಡು) ನಿಮಗೆ ಬೇಕು. ನನ್ನ ಕ್ರ್ಯಾಂಕ್ ನನಗಿಂತ ಮೊದಲು ಮೂರು ಸೈಕಲ್ ನೋಡಿದೆ.

ಇದರಲ್ಲಿ ಬರೆಯದ ಒಂದೆರಡು ನಿಯಮ ಇವೆ. ಗೆಳೆಯರ ಬೆಲೆಗೆ ಸಿಕ್ಕ ಸಾಮಾನನ್ನು ಲಾಭಕ್ಕೆ ಮಾರಿದರೆ ಮುಂದಿನ ಸಲ ಯಾರೂ ಫೋನ್ ಎತ್ತುವುದಿಲ್ಲ. ಬಿರುಕು ಇದ್ದರೆ ಕೇಳುವ ಮೊದಲೇ ಹೇಳಬೇಕು. ಹೊಸಬರು ಮೊದಲ ಸೈಕಲ್ ಕಟ್ಟುತ್ತಿದ್ದರೆ ಚಿಕ್ಕಪುಟ್ಟ ಬೋಲ್ಟು, ವಾಷರಿಗೆ ದುಡ್ಡು ಕೇಳಬಾರದು. ಎಷ್ಟು ಸೈಕಲ್ ಇದ್ದರೆ ಸಾಕು ಅಂತ ಯಾರಾದರೂ ಕೇಳಿದರೆ 'ಈಗಿರುವುದಕ್ಕಿಂತ ಒಂದು ಜಾಸ್ತಿ' ಅನ್ನುವುದು ಹಳೆಯ ಜೋಕು. ಮನೆಯವರ ಮುಂದೆ ಅದನ್ನು ಹೇಳದಿದ್ದರೆ ಒಳ್ಳೆಯದು.

ಸದ್ಯಕ್ಕೆ ನನ್ನ ಡಬ್ಬದಲ್ಲಿ 18 ಹಲ್ಲಿನ ಕಾಗ್ ಒಂದು, ಹಲ್ಲು ಸವೆದಿಲ್ಲದ್ದು, ಕೂತಿದೆ. ಮಾರಾಟಕ್ಕಿಲ್ಲ. 17ರದ್ದು ಕೊಟ್ಟವರಿಗೆ ಬದಲಿ.